ನಾನು ಬ್ಯಾಟರಿ ಉಳಿಸಿದ ಪ್ರಸಂಗ

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನನ್ನ ಫೋನಿನ ಬ್ಯಾಟರಿ ಇಂದಿಗೂ ಗಟ್ಟಿಮುಟ್ಟಾಗಿದೆ. ಬೆಳಿಗ್ಗೆ ಹೊರಟರೆ ಸಂಜೆ ಮನೆ ಮುಟ್ಟುವವರೆಗೂ ದಣಿವು ಎನ್ನುವುದಿಲ್ಲ. ಇದನ್ನು ಮೊದಲೇ ಏಕೆ ಹೇಳುತ್ತೇನೆಂದರೆ, ಮುಂದಿನದನ್ನೆಲ್ಲ ಓದಿದ ಮೇಲೆ ನನ್ನ ಪರವಾಗಿ ಹೇಳಲು ಬೇರೇನೂ ಉಳಿದಿರುವುದಿಲ್ಲ.

ನಾನು ಹುಟ್ಟಾ ಅವಸರದ ಮನುಷ್ಯ. ಏಳು ತಿಂಗಳಿಗೇ ಹುಟ್ಟಿದವನು. "ಇಂವಗ ಅವಾಗಿಂದನ ತಡಕೊಳ್ಳೂದು ಗೊತ್ತಿಲ್ಲ" ಎಂದು ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಬಸ್ಸು ನಿಲ್ಲುವ ಮೊದಲೇ ಇಳಿಯುತ್ತೇನೆ. ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತೇನೆ. ಮದುವೆಮನೆಯಲ್ಲಿ ಅಕ್ಷತೆ ಬೀಳುವ ಮೊದಲೇ ಊಟದ ಸಾಲಿನಲ್ಲಿ ಕೂತಿರುತ್ತೇನೆ. ಯಾರಾದರೂ ಮಾತು ಶುರು ಮಾಡಿದರೆ ಅವರ ಅರ್ಧ ವಾಕ್ಯಕ್ಕೇ ಉತ್ತರ ಕೊಟ್ಟು ಎದ್ದಿರುತ್ತೇನೆ. ಇಂಥ ನಾನು ಇಡೀ ಜನ್ಮದಲ್ಲಿ ತಾಳ್ಮೆ ತೋರಿಸಿದ್ದು ಎರಡೇ ವಿಷಯದಲ್ಲಿ. ಒಂದು ಒಣದ್ರಾಕ್ಷಿ, ಇನ್ನೊಂದು ಮೊಬೈಲ್ ಚಾರ್ಜಿಂಗ್. ಆ ಎರಡನ್ನು ನಾನು ಒಂದೇ ಎಂದು ತಿಳಿದದ್ದೇ ಈ ಕಥೆ.

ವಿಜಯಪುರದಿಂದ ತುಸು ದೂರದ ತಿಕೋಟಾದ ಹೊರಗೆ ನನ್ನದೊಂದು ಶೆಡ್ಡು ಇದೆ. ಸುತ್ತಲಿನ ತೋಟಗಳ ಹಸಿ ದ್ರಾಕ್ಷಿಯನ್ನು ಅಲ್ಲಿ ಸಾಲುಸಾಲು ಜಾಳಿಗೆಗಳ ಮೇಲೆ ಹರಡಿ ಒಣಗಿಸುತ್ತೇವೆ. ನಮ್ಮ ಕಡೆ ಅದಕ್ಕೆ ಮಣೂಕ ಎನ್ನುತ್ತಾರೆ. ಬಿಸಿಲಿಗೆ ಹಾಕಿದರೆ ನಾಲ್ಕೈದು ದಿನದಲ್ಲಿ ಒಣಗುತ್ತದೆ, ಆದರೆ ಕಪ್ಪಾಗುತ್ತದೆ. ನೆರಳಲ್ಲಿ, ಗಾಳಿಗೆ, ಹದಿನೈದು ದಿನ ಸುಮ್ಮನೆ ಬಿಟ್ಟರೆ ಹಸಿರು ಬಣ್ಣ ಉಳಿದು ವರ್ಷಗಟ್ಟಲೆ ಬಾಳುತ್ತದೆ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡಿ ಮಾಡಿ ನನ್ನ ತಲೆಯಲ್ಲಿ ಒಂದು ವೇದವಾಕ್ಯ ಕೂತಿತ್ತು: ಲಗೂ ಆದದ್ದು ಲಗೂ ಕೆಡುತ್ತದೆ, ಬೇಗ ಆದದ್ದು ಬೇಗ.

ಎರಡು ವರ್ಷದ ಹಿಂದೆ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿರುವ ರಜಾಕಭಾಯಿಯ ಮೊಬೈಲ್ ಅಂಗಡಿಯಲ್ಲಿ ಹೊಸ ಫೋನು ಕೊಂಡೆ. ರಜಾಕಭಾಯಿ ನನ್ನ ಹಳೆಯ ಗೆಳೆಯ. ಫೋನು ಮಾರುತ್ತಾನೆ, ರಿಪೇರಿಯೂ ಮಾಡುತ್ತಾನೆ, ಮೂಗಿನ ತುದಿಯ ಚಷ್ಮಾದ ಮೇಲಿಂದ ಜಗತ್ತನ್ನು ನೋಡುತ್ತಾನೆ.

"ಅಣ್ಣಾರ, ಇದರ ಜೋಡಿ ಫಾಸ್ಟ್ ಚಾರ್ಜರ್ ಬರ್ತೈತ್ರಿ. ನೀವು ಜಳಕಾ ಮಾಡಿ ಬರೂದ್ರಾಗ ಅರ್ಧಕ್ಕಿಂತ ಹೆಚ್ಚ ತುಂಬಿರತೈತಿ" ಎಂದ.

ನನಗೆ ಅಲ್ಲೇ ಸಂಶಯ ಬಂತು.

"ಅಷ್ಟ ಲಗೂ ತುಂಬಿದ್ರ ಬ್ಯಾಟರಿ ಆಯುಷ್ಯ ಕಡಿಮಿ ಆಗೂದಿಲ್ಲೇನೋ?"

"ಬ್ಯಾಟರಿಗೆ ವೈರಿ ಅಂದ್ರ ಬಿಸಿ ರೀ. ಫಾಸ್ಟ್ ಚಾರ್ಜ್ ಮಾಡುವಾಗ ತುಸು ಬಿಸಿ ಆಗತೈತಿ, ಖರೆ. ಆದ್ರ ಫೋನಿಗೆ ತನ್ನ ಕಾಳಜಿ ತನಗ ಗೊತ್ತೈತಿ. ತುಂಬಕೋತ ಬಂದಂಗ ತಾನ ಸಾವಕಾಶ ಮಾಡ್ಕೋತೈತಿ. ನೀವು ಬಿಸಲಾಗ ಇಡಬ್ಯಾಡ್ರಿ, ದಿಂಬಿನ ಬುಡಕ ಇಟ್ಟು ಚಾರ್ಜ್ ಹಚ್ಚಬ್ಯಾಡ್ರಿ, ಪೂರಾ ಸೊನ್ನಿಗೆ ಇಳಸಬ್ಯಾಡ್ರಿ. ಇಷ್ಟ ಸಾಕು. ಹೆಂಗ ಜ್ವಾಪಾನ ಮಾಡಿದ್ರೂ ಬ್ಯಾಟರಿ ಒಂದಿನ ಮುದುಕ ಆಗೂದ ಐತಿ. ಬದಲಿ ಹಾಕಿದ್ರಾತು."

ಇಷ್ಟುದ್ದ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಎರಡೇ ಪದ: "ಬಿಸಿ" ಮತ್ತು "ಖರೆ". ಉಳಿದದ್ದನ್ನು ಅವನು ಹೇಳುವಷ್ಟರಲ್ಲಿ ನಾನು ಮೋಟರ್ ಸೈಕಲ್ಲಿನ ಕಿಕ್ ಹೊಡೆಯುತ್ತಿದ್ದೆ.

ಮನೆಗೆ ಬಂದವನೇ ಆ ಫಾಸ್ಟ್ ಚಾರ್ಜರನ್ನು ಹೆಂಡತಿಯ ರೇಷ್ಮೆ ಸೀರೆಗಳ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದೆ. ಹಳೇ ಫೋನಿನ ಚಾರ್ಜರ್ ಒಂದಿತ್ತು. ಅದು ಒಂದು ಫೋನು ತುಂಬಿಸುವಷ್ಟರಲ್ಲಿ ಹುರಿಗಡಲೆ ತಿನ್ನುತ್ತ ಒಂದು ಪ್ರವಚನ ಕೇಳಿ ಬರಬಹುದು. ಅದೇ ನನಗೆ ಸರಿ ಎನಿಸಿತು. ಜೊತೆಗೆ ಕೆಲವು ನಿಯಮಗಳನ್ನು ಜಾರಿಗೊಳಿಸಿದೆ. ಚಾರ್ಜ್ ಆಗುವಾಗ ಫೋನು ಸ್ವಿಚ್ ಆಫ್ ಆಗಿರತಕ್ಕದ್ದು. ಎಂಬತ್ತರ ಮೇಲೆ ಏರಕೂಡದು. ಕುಡಿಯುವ ನೀರಿನ ಹರವಿಯ ಪಕ್ಕದ ತಂಪಿನಲ್ಲೇ ಇಡತಕ್ಕದ್ದು. ಹತ್ತು ನಿಮಿಷಕ್ಕೊಮ್ಮೆ ಮೈ ಮುಟ್ಟಿ ನೋಡತಕ್ಕದ್ದು!

ನನ್ನ ಹೆಂಡತಿ ಶಿವಲೀಲಾ ಒಂದು ದಿನ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದಳು.

"ಹೋದ ವರ್ಷ ನನಗ ಮೂರು ದಿನ ಜ್ವರ ಬಂದಿದ್ವು. ಒಮ್ಮಿ ಹಣೀ ಮ್ಯಾಲೆ ಕೈ ಇಟ್ಟು ನೋಡಿದವರಲ್ಲ ನೀವು."

"ನಿನಗ ಜ್ವರ ಬಂದ್ರ ಗುಳಗಿ ಐತಿ. ಬ್ಯಾಟರಿಗೆ ಏನೈತಿ?" ಎಂದೆ. ಈ ಉತ್ತರ ಅಂದು ನನಗೆ ಬಹಳ ಚುರುಕಾಗಿ ಕಂಡಿತ್ತು.

ಶಿವಲೀಲಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎಂಟು ವರ್ಷದಿಂದ ಘೋಣಸಗಿಯಲ್ಲಿ. ನಮ್ಮ ಮನೆ ವಿಜಯಪುರದಲ್ಲಿ. ಅಂದರೆ ಬೆಳಿಗ್ಗೆ ತಿಕೋಟಾದವರೆಗೆ ಒಂದು ಬಸ್ಸು, ಅಲ್ಲಿಂದ ಸಿಕ್ಕರೆ ಇನ್ನೊಂದು ಬಸ್ಸು, ಸಿಗದಿದ್ದರೆ ಹತ್ತು ಜನ ಕೂತ ಟಂಟಂ ರಿಕ್ಷಾ. ಸಂಜೆ ಅದೇ ಯಾತ್ರೆ ಉಲ್ಟಾ. ಬೇಸಿಗೆಯಲ್ಲಿ ಮನೆಗೆ ಬಂದರೆ ಅರ್ಧ ಗಂಟೆ ಫ್ಯಾನಿನ ಕೆಳಗೆ ಕೂತ ಮೇಲೆಯೇ ಒಲೆ ಹಚ್ಚುತ್ತಿದ್ದಳು. ತಿಕೋಟಾಕ್ಕೆ ಆಗಾಗ ಹೋಗುವ ಗಂಡ ಮೋಟರ್ ಸೈಕಲ್ ಮೇಲೆ ಬಿಟ್ಟುಬರಬಾರದೇ ಎಂದು ನೀವು ಕೇಳಬಹುದು. ಅವಳೂ ಕೇಳಿದ್ದಳು. "ನಿನ್ನ ಟೈಮು ನನ್ನ ಟೈಮು ಹೊಂದೂದಿಲ್ಲ" ಎಂದು ಎಂಟು ವರ್ಷ ಹೇಳಿದವನು ನಾನೇ.

ಈ ವರ್ಷ ಭೂತನಾಳದ ಶಾಲೆಯಲ್ಲಿ ಒಂದು ಹುದ್ದೆ ಖಾಲಿಯಾಯಿತು. ನಮ್ಮ ಮನೆಯಿಂದ ಆಟೋದಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಭೂತನಾಳ! ವರ್ಗಾವಣೆಯ ಸಾಲಿನಲ್ಲಿ ಅವಳ ಹೆಸರು ಮೇಲೆಯೇ ಇತ್ತು. ಮೇ ತಿಂಗಳ ಒಂದು ದಿನ, ಮಧ್ಯಾಹ್ನ ಮೂರರಿಂದ ಐದರೊಳಗೆ ಆನ್‌ಲೈನಿನಲ್ಲಿ ಶಾಲೆ ಆರಿಸಿ ಖಚಿತಪಡಿಸಿದರೆ ಮುಗಿಯಿತು. ಖಚಿತಪಡಿಸಲು ಒಂದು ಓಟಿಪಿ ಬೇಕು. ಆ ಓಟಿಪಿ ಬರುವುದು ನನ್ನ ಫೋನಿಗೆ. ಏಕೆಂದರೆ ಅರ್ಜಿ ತುಂಬುವಾಗ "ನನ್ನ ನಂಬರ್ ಕೊಡು, ನಿನ್ನ ಫೋನು ಹಗಲೆಲ್ಲ ಖಾಲಿ ಬಿದ್ದಿರತೈತಿ. ಬ್ಯಾಟರಿ ಅಂದ್ರ ನಂದು ನೋಡು" ಎಂದು ಎದೆ ತಟ್ಟಿಕೊಂಡವನೂ ನಾನೇ.

ಅವಳ ಜೊತೆ ಬಸ್ಸಿನಲ್ಲಿ ದಿನಾ ಹೋಗುವ ಐದಾರು ಶಿಕ್ಷಕಿಯರಿಗೆ ಈ ಸುದ್ದಿ ತಿಳಿಯಿತು. ಶಾಲೆಯ ಕೊನೆಯ ದಿನ ಅವರು ಚಲಿಸುವ ಬಸ್ಸಿನಲ್ಲೇ ಅವಳಿಗೆ ಅರಿಶಿನ ಕುಂಕುಮ ಹಚ್ಚಿ, ಖಣ ಕೊಟ್ಟು, ತೆಂಗಿನಕಾಯಿ ಅಕ್ಕಿ ಹಾಕಿ ಉಡಿ ತುಂಬಿದರು. ಮಗಳನ್ನು ಗಂಡನ ಮನೆಗೆ ಕಳಿಸುವಂತೆ! ಕಂಡಕ್ಟರ್ ಕೂಡ "ಬಾಯಾರ, ನಿಮ್ಮ ಕಿಟಕಿ ಸೀಟ್ ಇನ್ನ ಯಾರಿಗ್ರಿ?" ಎಂದನಂತೆ. ಅಂದು ಸಂಜೆ ಆ ತೆಂಗಿನಕಾಯಿಯನ್ನು ದೇವರ ಮುಂದಿಟ್ಟು ಅವಳು ಅತ್ತಳು. ಸಂತೋಷಕ್ಕೆ ಅಳುವವರನ್ನು ನಾನು ಅಂದೇ ಹತ್ತಿರದಿಂದ ನೋಡಿದ್ದು.

ಆ ದಿನ ಬಂತು. ಬೆಳಿಗ್ಗೆ ನೋಡಿದರೆ ಫೋನಿನಲ್ಲಿ ಚಾರ್ಜು ಬರೀ ಹನ್ನೆರಡು!

"ಫೋನ್ ಇಲ್ಲೇ ಬಿಟ್ಟು ಹೋಗ್ರಿ. ಟ್ರಂಕ್ ತಗದು ಆ ಫಾಸ್ಟ್ ಚಾರ್ಜರ್ ಹಚ್ತೀನಿ. ಒಂದ ದಿನಕ್ಕ ಏನಾಗೂದಿಲ್ಲ" ಎಂದಳು ಶಿವಲೀಲಾ.

"ಎರಡು ವರ್ಷ ಜ್ವಾಪಾನ ಮಾಡೇನಿ, ಒಂದ ದಿನದಾಗ ಕೆಡಸ್ಲೇನು? ಶೆಡ್ಡಿನ್ಯಾಗ ಗಾಳಿ ಛಲೋ ಐತಿ. ತಂಪಿನ್ಯಾಗ ಚಾರ್ಜ್ ಮಾಡ್ಕೊಂಡು ಎರಡೂವರಿಗೆ ನಿನ್ನ ಮುಂದ ಇರ್ತೇನಿ. ನೀನು ರಜಾಕಭಾಯಿ ಅಂಗಡಿ ಬಾಜೂಕ ಆನ್‌ಲೈನ್ ಸೆಂಟರ್ ಐತಲ್ಲ, ಅಲ್ಲಿ ಬಂದು ಕುಂಡ್ರು."

"ಎರಡೂವರಿ ಅಂದ್ರ ಎರಡೂವರಿ?"

"ನಾ ಯಾವತ್ತರ ತಡಾ ಮಾಡೇನೇನು?"

ಇದು ನಿಜ. ನಾನು ಯಾವತ್ತೂ ತಡ ಮಾಡಿದವನಲ್ಲ. ಅಂದಿನವರೆಗೆ.

ಶೆಡ್ಡಿಗೆ ಹೋದೆ. ತಗಡಿನ ಕೆಳಗೆ ಮೇ ತಿಂಗಳ ಕಾವು. ಟೇಬಲ್ಲಿನ ಮೇಲೆ ಕೈ ಇಟ್ಟರೆ ಸುಡುತ್ತಿತ್ತು. ಬ್ಯಾಟರಿಗೆ ವೈರಿ ಅಂದರೆ ಬಿಸಿ! ಫೋನು ಹಿಡಿದು ಇಡೀ ಶೆಡ್ಡು ಸುತ್ತಿದೆ. ಕೊನೆಗೆ ನೆರಳಿನ ಮೂಲೆಯಲ್ಲಿ, ಪ್ಲಗ್ಗಿನ ಪಕ್ಕದಲ್ಲೇ, ಆಗಷ್ಟೇ ತುಂಬಿಟ್ಟ ಮಣೂಕದ ಪೆಟ್ಟಿಗೆಯೊಂದು ಕಂಡಿತು. ಕೈ ಹಾಕಿ ನೋಡಿದೆ. ತಂಪಾಗಿತ್ತು! ಫೋನನ್ನು ಸ್ವಿಚ್ ಆಫ್ ಮಾಡಿ, ಮೆತ್ತನೆಯ ಮಣೂಕದ ಮೇಲೆ ಮಲಗಿಸಿ, ನನ್ನ ನಿಧಾನದ ಚಾರ್ಜರ್ ಸಿಕ್ಕಿಸಿದೆ. ತೊಟ್ಟಿಲಲ್ಲಿ ಕೂಸು ಹಾಕಿದಂತೆ ಕಂಡಿತು. ಒಂದು ಕ್ಷಣ ಕಣ್ತುಂಬ ನೋಡಿದೆ.

ಅರ್ಧ ಗಂಟೆಗೆ ಕರೆಂಟ್ ಹೋಯಿತು. ಮತ್ತೆ ಬರುವಾಗ ಜೋರಾಗಿ ಬಂದು ಬ್ಯಾಟರಿಗೆ ಪೆಟ್ಟಾದರೆ? ಚಾರ್ಜರ್ ಕಿತ್ತು ಕಿಸೆಗೆ ಹಾಕಿಕೊಂಡೆ. ಫೋನನ್ನೂ ಕಿಸೆಗೆ ಹಾಕಬಹುದಿತ್ತು. ಆದರೆ ಕಿಸೆಯಲ್ಲಿ ಮೈಯ ಕಾವು ಇರುತ್ತದಲ್ಲ! ಪೆಟ್ಟಿಗೆಯಲ್ಲೇ ಬಿಟ್ಟೆ. ಅಷ್ಟರಲ್ಲಿ ಹೆಂಗಸರು ಕಸ ಗುಡಿಸಲು ಶುರು ಮಾಡಿದರು. ಧೂಳು ಹೋಗಬಾರದೆಂದು ಪೆಟ್ಟಿಗೆಯ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಫೋನಿನ ಮೇಲೆ ನೀಟಾಗಿ ಮಡಚಿದೆ. ಕರೆಂಟ್ ಬರುವವರೆಗೆ ಸುಮ್ಮನೆ ಕೂರುವುದು ನನ್ನಿಂದ ಆಗದ ಕೆಲಸ. ಪಕ್ಕದ ತೋಟದವರ ಬೋರಿನ ಮೋಟರು ಕೆಟ್ಟಿತ್ತು. ಯಾರೂ ಕರೆಯದಿದ್ದರೂ ಸಲಹೆ ಕೊಡಲು ಹೋದೆ.

ಇಲ್ಲಿ ನಮ್ಮ ಶೆಡ್ಡಿನ ಒಂದು ಕಾನೂನು ಹೇಳಬೇಕು. ಪ್ಲಾಸ್ಟಿಕ್ ತೆರೆದಿದ್ದರೆ ಅದು ತೂಕ ಆಗದ ಪೆಟ್ಟಿಗೆ. ಪ್ಲಾಸ್ಟಿಕ್ ಮಡಚಿದ್ದರೆ ತೂಕ ಆದ ಪೆಟ್ಟಿಗೆ. ಮಡಚಿದ್ದನ್ನು ಯಾರೂ ಬಿಚ್ಚಕೂಡದು, ನೋಡಕೂಡದು, ಟೇಪು ಹಚ್ಚಿ ಟೆಂಪೋಕ್ಕೆ ಏರಿಸಬೇಕು. ಈ ಕಾನೂನು ಮಾಡಿದವನು ನಾನು. ಕಳೆದ ವರ್ಷ ಒಮ್ಮೆ ಮಡಚಿದ ಪೆಟ್ಟಿಗೆ ಬಿಚ್ಚಿ ನೋಡಿದಳೆಂದು ಹೆಂಗಸರ ಮುಖ್ಯಸ್ಥೆ ಶಾಂತಾಬಾಯಿಗೆ ಎಲ್ಲರೆದುರು ಭಾಷಣ ಬಿಗಿದವನೂ ನಾನು.

ಪಕ್ಕದ ತೋಟದಲ್ಲಿ ಮೋಟರ್ ರಿಪೇರಿಯಾಗಲಿಲ್ಲ, ಆದರೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಆಯಿತು. ತಿಂದು ತಿರುಗಿ ಬಂದಾಗ ಒಂದೂವರೆ. ಮೂಲೆ ನೋಡಿದೆ. ಪ್ಲಗ್ಗು ಇತ್ತು, ಗೋಡೆ ಇತ್ತು, ಪೆಟ್ಟಿಗೆ ಇರಲಿಲ್ಲ!

"ಶಾಂತಾಬಾಯಿ! ಇಲ್ಲಿದ್ದ ಪೆಟಗಿ ಎಲ್ಲಿ?"

"ಮಡಚಿದ್ದ ಪೆಟಗೀನ ಯಪ್ಪಾ? ಟೇಪ್ ಹಚ್ಚಿ ಏರಸೀವಿ. ಟೆಂಪೋ ಹನ್ನೆರಡಕ್ಕ ಹೋತಲ್ಲ ಕೋಲ್ಡ್ ಸ್ಟೋರೇಜಿಗೆ."

"ಅದರಾಗ ನನ್ನ ಫೋನ್ ಇತ್ತಬೇ!"

ಶಾಂತಾಬಾಯಿ ಪೊರಕೆ ಕೆಳಗಿಟ್ಟು ನನ್ನನ್ನು ನೋಡಿದಳು. "ಮಡಚಿದ್ದು ಬಿಚ್ಚಬಾರದು ಅಂತ ನೀವ ಹೇಳೀರಲ್ರಿ" ಎಂದಳು. ಅವಳ ಧ್ವನಿಯಲ್ಲಿ ಒಂದು ವರ್ಷದ ಬಾಕಿ ಇತ್ತು.

ನಾನು ಆಗಲೇ ಮೋಟರ್ ಸೈಕಲ್ಲಿನ ಮೇಲಿದ್ದೆ. ಹಿಂದಿನಿಂದ ಅವಳು ಏನೋ ಕೂಗಿದಳು. ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ಪ್ರತಿವರ್ಷ ನಮ್ಮ ಮಾಲು ಇಡುವುದು ಬಬಲೇಶ್ವರದ ಕೋಲ್ಡ್ ಸ್ಟೋರೇಜಿನಲ್ಲಿ. ಬಬಲೇಶ್ವರದ ದಾರಿ ಹಿಡಿದೆ. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು, ತಗ್ಗುಗಳೆಲ್ಲ ಒಂದೊಂದಾಗಿ ಬೆನ್ನಿಗೆ ಪರಿಚಯವಾದವು.

ಅಲ್ಲಿನ ಮ್ಯಾನೇಜರು ಫ್ಯಾನಿನ ಕೆಳಗೆ ಪೇಪರ್ ಓದುತ್ತಿದ್ದರು.

"ನಮ್ಮ ಟೆಂಪೋ ಬಂತೇನ್ರಿ?"

"ನಿಮ್ಮ ಮಾಲು ಈ ವರ್ಷ ಇಲ್ಲಿ ಎಲ್ಲಿ ಇಟ್ಟೀರಿ ಸಾವಕಾರ? 'ಇಲ್ಲಿ ಲೋಡ್ ಇಳಸ್ಕೊಳ್ಳಾಕ ಭಾಳ ಹೊತ್ತು ಮಾಡ್ತೀರಿ, ನನಗ ತಡಕೊಳ್ಳಾಕ ಆಗೂದಿಲ್ಲ, ಸೊಲ್ಲಾಪುರ ರಸ್ತೆದಾಗ ಇಡ್ತೇನಿ' ಅಂತ ಹೋದ ತಿಂಗಳ ನೀವ ಜಗಳಾಡಿ ಹೋಗೀರಿ."

ಹೌದು. ಹೋಗಿದ್ದೆ! ಶಾಂತಾಬಾಯಿ ಹಿಂದಿನಿಂದ ಕೂಗಿದ್ದೂ ಇದನ್ನೇ ಇರಬೇಕು.

ಶಿವಲೀಲಾಗೆ ಒಂದು ಫೋನು ಮಾಡಿ ತಿಳಿಸೋಣವೆಂದು ಅವರ ಫೋನು ಇಸಿದುಕೊಂಡೆ. ಬೆರಳು ಅಲ್ಲೇ ನಿಂತಿತು. ಮದುವೆಯಾಗಿ ಹದಿನೆಂಟು ವರ್ಷ, ಹೆಂಡತಿಯ ನಂಬರ್ ಬಾಯಿಪಾಠವಿಲ್ಲ. ರಜಾಕಭಾಯಿಯದೂ ಇಲ್ಲ, ಟೆಂಪೋದವನದೂ ಇಲ್ಲ. ನನಗೆ ಬಾಯಿಪಾಠವಿದ್ದ ಏಕೈಕ ನಂಬರ್ ನನ್ನದೇ. ಅದಕ್ಕೇ ಹಚ್ಚಿದೆ! ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಒಬ್ಬ ಹೆಂಗಸು ಬಹಳ ಸಮಾಧಾನದಿಂದ ಹೇಳಿದಳು. ಆ ಚಂದಾದಾರರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಬಬಲೇಶ್ವರದಿಂದ ವಿಜಯಪುರ. ಊರು ದಾಟಿ ಸೊಲ್ಲಾಪುರ ರಸ್ತೆ. ದಾರಿಯಲ್ಲಿ ಆ ಆನ್‌ಲೈನ್ ಸೆಂಟರಿನ ಮುಂದೆಯೇ ಹಾಯಬೇಕು. ಒಳಗೆ ಶಿವಲೀಲಾಳ ನೀಲಿ ಸೀರೆ ಕಂಡಿತು. ನಿಂತು ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಮುಖ ತಿರುಗಿಸಿ ಗಾಡಿ ಓಡಿಸಿದೆ. ಕೋಲ್ಡ್ ಸ್ಟೋರೇಜಿನ ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲು.

ಅಲ್ಲಿನ ವಾಚಮನ್ ಒಂದು ದಪ್ಪ ಕೋಟು ಕೊಟ್ಟ. ಹೊರಗೆ ಬೆಂಕಿ, ಒಳಗೆ ಹಿಮಾಲಯ. ನಮ್ಮ ನಲವತ್ತು ಪೆಟ್ಟಿಗೆ ಒಂದೇ ಬಣ್ಣ, ಒಂದೇ ಟೇಪು, ಒಂದೇ ಮುಖ ಹೊತ್ತು ಸಾಲಾಗಿ ಕೂತಿದ್ದವು.

"ಎಲ್ಲಾ ಒಡೀಬೇಕೇನ್ರಿ?" ಎಂದ ವಾಚಮನ್ ಗಾಬರಿಯಾಗಿ.

"ಏನೂ ಬೇಕಾಗಿಲ್ಲ. ನಮ್ಮ ಪೆಟಗಿ ಅಂದ್ರ ಹದಿನೈದು ಕಿಲೋ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮಿ ಇಲ್ಲ. ಯಾವುದು ಇನ್ನೂರು ಗ್ರಾಂ ಹೆಚ್ಚೈತಿ, ಅದರಾಗ ಫೋನ್ ಐತಿ. ಕಾಟಾ ತರ್ರಿ!"

ಇಂಥ ಬುದ್ಧಿ ಆಪತ್ತಿನಲ್ಲಿ ಎಷ್ಟು ಜನಕ್ಕೆ ಹೊಳೆಯುತ್ತದೆ? ತೂಕದ ಕಾಟಾ ಬಂತು. ಮೊದಲನೇ ಪೆಟ್ಟಿಗೆಯೇ ಇನ್ನೂರು ಗ್ರಾಂ ಹೆಚ್ಚು! ಒಡೆದು ಮೊಣಕೈವರೆಗೆ ಕೈ ಹಾಕಿದೆ. ಮಣೂಕ. ಎರಡನೆಯದು ನೂರೈವತ್ತು ಹೆಚ್ಚು. ಒಡೆದೆ. ಮಣೂಕ. ಮೂರನೆಯದು ಇನ್ನೂರೈವತ್ತು! ಶಾಂತಾಬಾಯಿಯ ಕೈ ಎಂಥ ಧಾರಾಳದ ಕೈ ಎಂದು ಇಪ್ಪತ್ತು ವರ್ಷದ ನಂತರ ಆ ಚಳಿಯಲ್ಲಿ ನನಗೆ ಗೊತ್ತಾಯಿತು. ಹದಿನೆಂಟು ಪೆಟ್ಟಿಗೆ ಒಡೆದೆ. ಹತ್ತೊಂಬತ್ತನೆಯದು ಕಾಟಾದ ಮೇಲೆ ಕರಾರುವಾಕ್ಕಾಗಿ ಹದಿನೈದು ಕಿಲೋ ತೋರಿಸಿತು. ಅದನ್ನು ಬದಿಗಿಡಲು ಹೋದಾಗ ಕಾಲು ಜಾರಿ ಕೈಬಿಟ್ಟೆ. ಪೆಟ್ಟಿಗೆ ಬಿತ್ತು, ಬಾಯಿ ಬಿಚ್ಚಿತು, ಫೋನು ಹೊರಗೆ ಬಂತು!

ಎದೆಗೆ ಒತ್ತಿಕೊಂಡೆ. ಕುಲ್ಫಿಯಂತೆ ಕೊರೆಯುತ್ತಿತ್ತು. ಬಿಸಿಯ ಭಯವಂತೂ ಇರಲಿಲ್ಲ! ಬಟನ್ ಒತ್ತಿದೆ. ಒಮ್ಮೆ ಮಿಣುಕಿ ಸತ್ತುಹೋಯಿತು. ಇದ್ದ ಹನ್ನೆರಡಕ್ಕೆ ನನ್ನ ಚಾರ್ಜರ್ ಅರ್ಧ ಗಂಟೆಯಲ್ಲಿ ಸೇರಿಸಿದ್ದು ಏನೂ ಸಾಲದಾಗಿತ್ತು, ಉಳಿದದ್ದನ್ನು ಚಳಿ ತಿಂದಿತ್ತು. ಗಡಿಯಾರ ನಾಲ್ಕೂ ಇಪ್ಪತ್ತೈದು.

"ಸಿಮ್ ತಗದು ಬ್ಯಾರೆ ಫೋನಿಗೆ ಹಾಕ್ರಿ, ಮೆಸೇಜ್ ಬರ್ತೈತಲ್ಲ" ಎಂದ ವಾಚಮನ್.

ಎಂಥ ಸರಳ ಉಪಾಯ! ಸಿಮ್ಮಿನ ತಟ್ಟೆ ಹೊರತೆಗೆಯಲು ಸಣ್ಣ ತೂತಿಗೆ ಪಿನ್ನು ಚುಚ್ಚಬೇಕು. ಪಿನ್ನು ಇರಲಿಲ್ಲ. ವಾಚಮನ್ "ತಡೀರಿ, ಆಫೀಸಿನ್ಯಾಗ ನೋಡಿ ಬರ್ತೇನಿ" ಎಂದ. ತಡೆಯುವುದು ಎಂದರೆ ನನಗೆ ಆಗದು. ಗೇಟಿನ ಪಕ್ಕ ಜಾಲಿಯ ಗಿಡವಿತ್ತು. ಉದ್ದನೆಯ, ಬಿಳಿಯ, ಗಟ್ಟಿ ಮುಳ್ಳೊಂದನ್ನು ಮುರಿದು ಚುಚ್ಚಿದೆ. ಸರಿಯಾಗಿ ಹೊಕ್ಕಿತು. ಒತ್ತಿದೆ. ಟಕ್ ಎಂದಿತು. ತಟ್ಟೆ ಹೊರಗೆ ಬರಲಿಲ್ಲ, ಮುಳ್ಳು ಒಳಗೆ ಮುರಿಯಿತು. ಅಷ್ಟರಲ್ಲಿ ವಾಚಮನ್ ಪಿನ್ನು ಹಿಡಿದು ಬಂದ.

ರಜಾಕಭಾಯಿಯ ಅಂಗಡಿಗೆ ನಾನು ಹೇಗೆ ತಲುಪಿದೆನೋ ತಿಳಿಯದು. ನಾಲ್ಕೂ ನಲವತ್ತು. ಕೋಟನ್ನು ವಾಪಸು ಕೊಡಲು ಮರೆತಿದ್ದೆ. ಸುಡುಬಿಸಿಲಲ್ಲಿ ಚಳಿಗಾಲದ ಕೋಟು ಹಾಕಿಕೊಂಡು, ಮೈಗೆಲ್ಲ ಮಣೂಕ ಅಂಟಿಸಿಕೊಂಡು ಬಂದ ನನ್ನನ್ನು ಸೆಂಟರಿನಿಂದ ಎದ್ದು ಬಂದ ಶಿವಲೀಲಾ ಬಾಗಿಲಲ್ಲೇ ನೋಡಿದಳು. ಕೈ ಮುಂದೆ ಚಾಚಿದಳು.

"ಭೂತನಾಳ ಆರಿಸಿ ಇಟ್ಟೇನ್ರಿ. ಮೂರು ಸಲ ಓಟಿಪಿ ಕಳಿಸೇನಿ. ಆ ನಂಬರ್ ಒಂದು ಹೇಳಿಬಿಡ್ರಿ, ಸಾಕು."

ಫೋನನ್ನು ರಜಾಕಭಾಯಿಗೆ ಕೊಟ್ಟೆ. ಅವನು ಚಿಮಟದಿಂದ ಮುಳ್ಳು ಕೀಳಲು ನೋಡಿದ, ಅದು ಇನ್ನಷ್ಟು ಒಳಗೆ ಹೋಯಿತು. "ಇದು ಈಗ ಬರೂದಿಲ್ರಿ" ಎಂದು ತನ್ನ ಫಾಸ್ಟ್ ಚಾರ್ಜರ್ ಸಿಕ್ಕಿಸಿದ. ಪರದೆಯ ಮೇಲೆ ಒಂದು ಚಿತ್ರ ಮೂಡಿತು. ನೀರಿನ ಹನಿ!

"ತಂಪಿನಿಂದ ಒಮ್ಮೆಲೆ ಬಿಸಲಿಗೆ ತಂದೀರಿ. ಒಳಗ ಬೆವರೈತಿ. ಅದು ಒಣಗೂ ತನಕ ಚಾರ್ಜ್ ತಗೊಳ್ಳೂದಿಲ್ಲ."

ಮೇ ತಿಂಗಳ ವಿಜಯಪುರದಲ್ಲಿ ಎಲ್ಲಿಯೂ ಒಂದು ಹನಿ ನೀರು ಕಾಣದು. ಕಂಡದ್ದು ನನ್ನ ಫೋನಿನಲ್ಲಿ! ರಜಾಕಭಾಯಿ ಚಾರ್ಜರ್ ಕಿತ್ತು ಟೇಬಲ್ಲಿನ ಮೇಲಿಟ್ಟು ಬಿಸಿಗಾಳಿಯ ಬ್ಲೋವರ್ ಎತ್ತಿಕೊಂಡ.

"ಏ ಏ, ಬಿಸಿ ಬ್ಯಾಡೋ! ಬ್ಯಾಟರಿ!" ಎಂದು ಕೂಗಿದವನು ಯಾರು ಎಂದು ಕೇಳಬೇಡಿ. ಶಿವಲೀಲಾ ತಿರುಗಿ ನನ್ನನ್ನು ನೋಡಿದಳು. ಆ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳೇ ಬ್ಲೋವರ್ ಕಸಿದುಕೊಂಡು ಫೋನಿಗೆ ಹಿಡಿದಳು. ಹನಿಯ ಚಿತ್ರ ಮಾಯವಾದಾಗ ನಾಲ್ಕೂ ಐವತ್ತೆರಡು. ಎಂಟು ನಿಮಿಷ ಬಾಕಿ. ಸಾಕಾಗುವಷ್ಟು!

"ಚಾರ್ಜರ್ ಕೊಡ್ರಿ, ಲಗೂ!" ಎಂದಳು. ರಜಾಕಭಾಯಿ ಪಕ್ಕದ ಸೆಂಟರಿಗೆ ಓಡಿದ್ದ, ಪೇಜು ಮುಚ್ಚದಂತೆ ನೋಡಿಕೊಂಡು ಇನ್ನೊಂದು ಓಟಿಪಿ ಕಳಿಸಲು. ನನ್ನ ಕೈ ತಾನಾಗಿ ಕಿಸೆಗೆ ಹೋಯಿತು. ಎರಡು ವರ್ಷದ ಅಭ್ಯಾಸ. ಚಾರ್ಜರ್ ತೆಗೆದೆ, ಬೋರ್ಡಿಗೆ ಹಾಕಿದೆ, ಫೋನಿಗೆ ಸಿಕ್ಕಿಸಿದೆ. ಕೈ ಜೋಡಿಸಿ ನಿಂತೆ.

ಫೋನು ಏಳಲಿಲ್ಲ. ನಾಲ್ಕೂ ಐವತ್ತೈದು. ಖಾಲಿ ಬ್ಯಾಟರಿಯ ಚಿತ್ರ. ಐವತ್ತೇಳು. ಅದೇ ಚಿತ್ರ. ನಾನು ಕುಣಿದೆ, ಕೂತೆ, ಎದ್ದೆ, ಫೋನಿಗೆ ಊದಿದೆ. ಐವತ್ತೊಂಬತ್ತು. ಶಿವಲೀಲಾ ಮಾತ್ರ ಅಲುಗದೆ ನಿಂತಿದ್ದಳು. ಐದು. ಪಕ್ಕದ ಸೆಂಟರಿನಿಂದ ರಜಾಕಭಾಯಿ ನಿಧಾನವಾಗಿ ನಡೆದು ಬಂದ. ಪೇಜು ಮುಚ್ಚಿತೆಂದು ಅವನು ನಡೆದು ಬಂದ ರೀತಿಯಲ್ಲೇ ಗೊತ್ತಾಯಿತು.

ಐದು ಗಂಟೆ ನಾಲ್ಕು ನಿಮಿಷಕ್ಕೆ ಫೋನು ಎದ್ದಿತು. ಟಿಂಗ್, ಟಿಂಗ್, ಟಿಂಗ್, ಟಿಂಗ್! ನಾಲ್ಕು ಓಟಿಪಿ ಸಾಲಾಗಿ ಬಂದು ಕೂತವು.

ರಜಾಕಭಾಯಿ ಚಷ್ಮಾದ ಮೇಲಿಂದ ಬೋರ್ಡು ನೋಡಿದ. ಅವನ ಫಾಸ್ಟ್ ಚಾರ್ಜರ್ ಟೇಬಲ್ಲಿನ ಮೇಲೆ, ನನ್ನ ಮೊಣಕೈಯಿಂದ ಒಂದು ಗೇಣು ದೂರದಲ್ಲಿ, ಹಾಗೇ ಬಿದ್ದಿತ್ತು.

"ಇದನ್ಯಾರ ಹಚ್ಚಿದ್ರಿ?"

ಶಿವಲೀಲಾ ಆ ಹಳೇ ಚಾರ್ಜರನ್ನು ನೋಡಿದಳು, ನನ್ನನ್ನು ನೋಡಿದಳು. ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೋಗ್ಲಿ ಬಿಡ್ರಿ. ಬ್ಯಾಟರಿ ಉಳೀತಲ್ಲ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ ಆಟೋಕ್ಕೆ ಕೈ ಮಾಡಿದಳು. ಅಂದು ನನಗೆ ನಿಜವಾಗಿ ನಾಚಿಕೆಯಾಯಿತು. ಈಗ ನೆನೆದರೂ ಆಗುತ್ತದೆ.

ವಾರ ಬಿಟ್ಟು ಮುಳ್ಳು ತೆಗೆಸಲು ಹೋದಾಗ ರಜಾಕಭಾಯಿ ಬ್ಯಾಟರಿಯ ಆರೋಗ್ಯವನ್ನೂ ನೋಡಿದ. "ಅಣ್ಣಾರ, ನೂರಕ್ಕ ತೊಂಬತ್ತೆರಡು ಐತ್ರಿ. ಛಲೋ ಐತಿ!"

ನನ್ನ ಎದೆ ತುಸು ಉಬ್ಬಿತು. "ನೋಡಿದ್ಯಾ? ಫಾಸ್ಟ್ ಚಾರ್ಜ್ ಮಾಡಿದ್ರ ಎಷ್ಟ ಇರ್ತಿತ್ತು?"

ಅವನು ತನ್ನ ಕಿಸೆಯಿಂದ ತನ್ನ ಫೋನು ತೆಗೆದ. ನನ್ನದೇ ಮಾದರಿ, ನನ್ನದರ ಜೊತೆಗೇ ಡಬ್ಬಿ ಒಡೆದದ್ದು. "ನಾ ದಿನಾ ಫಾಸ್ಟ್ ಚಾರ್ಜರ್‌ನಾಗ ಹಚ್ತೇನ್ರಿ. ತೊಂಬತ್ತು."

ಎರಡು! ಎರಡು ವರ್ಷದ ತಪಸ್ಸಿಗೆ ನಾನು ಉಳಿಸಿದ್ದು ಎರಡು!

ಜೂನಿನಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ಶಿವಲೀಲಾ ಚೀಲ ಹಿಡಿದು ಅಂಗಳಕ್ಕೆ ಬಂದಳು, ಬಸ್ ಸ್ಟ್ಯಾಂಡಿನ ಕಡೆ ತಿರುಗದೆ ನನ್ನ ಗಾಡಿಯ ಪಕ್ಕ ನಿಂತಳು.

"ಬಸ್ಸು?" ಎಂದೆ.

"ಆ ಬಸ್ಸಿನ್ಯಾಗ ಉಡಿ ತುಂಬಿ ಕಳಿಸ್ಯಾರ. ಮತ್ತ ಅದ ಬಸ್ಸಿಗೆ ಯಾವ ಮಾರಿ ಇಟ್ಕೊಂಡು ಹತ್ಲಿ? ಗಾಡಿ ತಗೀರಿ."

ಅಂದಿನಿಂದ ಬೆಳಿಗ್ಗೆ ಘೋಣಸಗಿ, ಸಂಜೆ ಘೋಣಸಗಿ. ನಮ್ಮಿಬ್ಬರ ಟೈಮು ಈಗ ನಿಮಿಷಕ್ಕೆ ನಿಮಿಷ ಹೊಂದುತ್ತದೆ. ಮುಂದಿನ ವರ್ಷದ ವರ್ಗಾವಣೆಗೆ ಅವಳು ತನ್ನ ನಂಬರನ್ನೇ ಬರೆಸಿದ್ದಾಳೆ. ಟ್ರಂಕಿನ ಕೀಲಿಯೂ ಅವಳ ಹತ್ತಿರವೇ. ನಾನು ಗಾಡಿ ಒರೆಸುವಷ್ಟರಲ್ಲಿ ಆ ಫಾಸ್ಟ್ ಚಾರ್ಜರ್‌ನಿಂದ ಅವಳ ಫೋನು ತುಂಬಿ ತಯಾರಾಗಿರುತ್ತದೆ. ಸಂಜೆ ಶಾಲೆಯ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ, ಗಂಟೆ ಹೊಡೆಯುವವರೆಗೆ ನಾನು ಕಾಯುತ್ತೇನೆ. ಏಳು ತಿಂಗಳಿಗೆ ಹುಟ್ಟಿದವನು ಕೊನೆಗೂ ತಡೆದುಕೊಳ್ಳುವುದನ್ನು ಕಲಿತಿದ್ದಾನೆ. ಸೊಂಟ ಮಾತ್ರ ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ, ರಾತ್ರಿಯೆಲ್ಲ ಮಲಗಿದರೂ ತುಂಬುವುದಿಲ್ಲ.

ಬ್ಯಾಟರಿ ಈಗಲೂ ತೊಂಬತ್ತೆರಡು. ಯಾರಾದರೂ ಕೇಳಿದರೆ ತೋರಿಸೋಣವೆಂದು ದಿನಾ ಕಿಸೆಯಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಇದುವರೆಗೆ ಯಾರೂ ಕೇಳಿಲ್ಲ.